ಬಿಟ್ಟ ಸಾಲು

ಸೀತಾಂಗೋಳಿಯಲ್ಲಿ, ಕೋಳಿ ಅಂಗಡಿಯ ಮಹಡಿ ಮೇಲೆ,
ಲಿಗೋರಿ ಮೋಂತೇರರ ಹೊಲಿಗೆ ಯಂತ್ರ ಸುಮ್ಮನೆ ನಿಂತಿತ್ತು.
ಫೋನು ಬಂದದ್ದು ನನ್ನ ಮಲಯಾಳ ಪರೀಕ್ಷೆಯ ಹಿಂದಿನ ದಿನ:
"ನಿನ್ನ ಆ್ಯಪಿಗೆ ಏನೋ ಆಗಿದೆ ಮಗಾ, ಒಮ್ಮೆ ಬಂದು ಹೋಗು."

ಹೋಗಿ ನೋಡಿದೆ.

ಎದೆ ೪೦\nಸೊಂಟ ೩೬\nತೋಳು ೨೪\nಬಿಗಿ ಬೇಡವಂತೆ\nಶನಿವಾರ

ಒಂದೇ ಉಸಿರು. ಕೊನೆಯ ಬಸ್ಸಿಗೆ ಓಡುವವರ ಹಾಗೆ.

"ಏನಿದು, ವಾಲಿದ ಕಡ್ಡಿ? ಅದರ ಪಕ್ಕ ಗೂನುಬೆನ್ನಿನ ಮುದುಕಿ?
ನನ್ನ ಪುಸ್ತಕದಲ್ಲಿ ಎದೆಯ ಕೆಳಗೆ ಸೊಂಟ,
ಸೊಂಟದ ಕೆಳಗೆ ಉದ್ದ,
ದೇವರು ಇಟ್ಟ ಕ್ರಮದಲ್ಲೇ ಮನುಷ್ಯ ನಿಂತಿರುತ್ತಿದ್ದ.
ಮೊನ್ನೆ ಅಂದುಂಞಿಯವರ ಸೊಂಟವನ್ನು ತೋಳಿಗೆ ಕೊಟ್ಟೆ.
ಜುಬ್ಬ ಹಾಕಿ ಕನ್ನಡಿ ಮುಂದೆ ನಿಂತರು ಪಾಪ,
ಕೈಯೇ ಕಾಣುವುದಿಲ್ಲ!"

ಗುಂಡಿ ಡಬ್ಬಿ ಸರಿಸಿ ಸ್ಟೂಲಿನಲ್ಲಿ ಕೂತು ಹೇಳಿದೆ:
ಎಂಟರ್ ಒತ್ತಿದರೆ ಹುಟ್ಟುವುದು ಕಣ್ಣಿಗೆ ಕಾಣದ ಒಂದೇ ಅಕ್ಷರ.
ನಾನು ಪುಸ್ತಕವನ್ನು ತುಂಬಿಸುವಾಗ, ತಪ್ಪು ನನ್ನದೇ,
ಡೇಟಾಬೇಸಿನೊಳಗೆ ಅದು ಎರಡಾಗಿ ಹೋಗಿ ಕೂತಿದೆ.
ಕೆಳಗಿಳಿ ಎಂಬ ಆಜ್ಞೆ ಸತ್ತು
"ಕೆಳಗಿಳಿ" ಎಂಬ ಬರಹ ಮಾತ್ರ ಉಳಿದಿದೆ.

"ಕತ್ತರಿ ಹಾಕದೆ ಬರೀ ಸೀಮೆಸುಣ್ಣದ ಗೆರೆ ಬಿಟ್ಟ ಹಾಗೆ,"
ಎಂದರು, ಬಾಯಲ್ಲಿ ಗುಂಡುಸೂಜಿ ಇಟ್ಟುಕೊಂಡೇ.

ಎರಡಿದ್ದಲ್ಲಿ ಒಂದಿಡು. ಅಷ್ಟೇ ಕೋಡು.
ಆರುನೂರ ಹನ್ನೆರಡು ಗಿರಾಕಿಗಳು
ಮಲಗಿದ್ದವರು ಎದ್ದು ನೆಟ್ಟಗೆ ನಿಂತರು.
ಚಹಾ ಬಂತು, ಪಳಂಪೊರಿ ಬಂತು.
ಅಲ್ಲಿಗೇ ಬಿಡಬಹುದಿತ್ತು.

ಆದರೆ ನನಗೆ ಚೊಕ್ಕಟದ ಚಟ.
ಅಲ್ಲಲ್ಲಿ ಖಾಲಿ ಸಾಲುಗಳು, ಎರಡು, ಮೂರು, ಕೆಲವು ಕಡೆ ಐದು.
ಬೆರಳು ಜಾರಿ ಒತ್ತಿರಬೇಕು ಅಂದುಕೊಂಡು
ರಾತ್ರಿ, ಓದುವುದು ಬಿಟ್ಟು, ಎಲ್ಲ ಒರೆಸಿ ಹಾಕಿದೆ.

ಬೆಳಗ್ಗೆ ಆರೂವರೆಗೆ ಮತ್ತೆ ಫೋನು. ಈ ಸಲ ದನಿ ಸಣ್ಣ.
"ಬೇಳದ ಫ್ಲಾವಿಯಾ, ಐದನೇ ಕ್ಲಾಸು,
ಅವಳ ಕೆಳಗೆ ಐದು ಸಾಲು ಬಿಟ್ಟಿದ್ದೆನಲ್ಲ?"
ಖಾಲಿ ಇತ್ತು, ತೆಗೆದೆ.
"ಖಾಲಿ ಅಲ್ಲ ಮಗಾ.
ಲಂಗದ ಅಂಚು ಎರಡಿಂಚು ಒಳಕ್ಕೆ ಮಡಚಿ ಹೊಲಿಯುತ್ತೇವಲ್ಲ,
ಅದನ್ನು ಯಾರಾದರೂ ಕತ್ತರಿಸುತ್ತಾರಾ?
ಜೂನಿಗೊಂದು ಸಾಲು. ಅವಳು ಬೆಳೆಯಲಿಕ್ಕೆ."

ಹಳೆಯ ಪ್ರತಿ ಇತ್ತು, ಪುಣ್ಯ.
ಬಸ್ ಸ್ಟ್ಯಾಂಡಿನಲ್ಲಿ ನಿಂತೇ ಮೊಬೈಲಿನಿಂದ ಎಲ್ಲ ವಾಪಸು ತಂದೆ.
ಬಂತೋ ಇಲ್ಲವೋ ನೋಡಲು ಬೆರಳಿಗೆ ಸಿಕ್ಕ ಹೆಸರು ನನ್ನದೇ:
ಒಂದರಿಂದ ಏಳನೇ ಕ್ಲಾಸಿನವರೆಗೆ ಏಳು ಅಳತೆ,
ಆಮೇಲೆ ನಾನು ಮಂಗಳೂರಿನ ರೆಡಿಮೇಡಿಗೆ ಹೋದವಳು.

ಅದರ ಕೆಳಗೆ ಮೂರು ಸಾಲು.



ಬಸ್ಸು ಬಂತು. ಬೋರ್ಡು ಓದುವಷ್ಟು ಮಲಯಾಳ ನನಗೆ ಬರುತ್ತದೆ.