ಬಿಸಿಯಾಗದೆ ಬಾಯಿ ಬಿಡದ್ದು

ಮೈನಸ್ ಮೂವತ್ತನಾಲ್ಕು. ಉಲಾನ್‌ಬಾತರಿನ ಬೆಳಗು
ಇನ್ನೂ ಕಲ್ಲಿದ್ದಲ ಹೊಗೆಯ ಮುಸುಕಿನೊಳಗೇ ಇದೆ.
ಹಡಗಿನ ಕಂಟೇನರು ಕೊರೆದು ಮಾಡಿದ ಗ್ಯಾರೇಜಿನಲ್ಲಿ
ದೋಲ್ಗೋರ್ ನನ್ನ ಟ್ಯಾಕ್ಸಿಯ ಕೆಳಗೆ ಮಲಗಿದ್ದಾಳೆ,
ಉಣ್ಣೆಯ ಬೂಟು ಎರಡು ಮಾತ್ರ ಹೊರಗೆ.

ನಾನು ಬಂದದ್ದು ಸಣ್ಣ ಕೆಲಸಕ್ಕೆ:
ಹಳದಿ ದೀಪ ಹತ್ತು ದಿನದಿಂದ ಆರಿಲ್ಲ,
ಅದರ ಬಲ್ಬು ಕಿತ್ತುಬಿಡು, ಎಂದೆ.
"ಹಲ್ಲು ನೋವೆಂದರೆ ನಾಲಗೆ ಕೀಳಿಸುತ್ತೀಯಾ?"
ಕಾರಿನಡಿಯಿಂದಲೇ ಅಂದಳು.

ಸ್ಪ್ಯಾನರು ಕಿರುಗುಟ್ಟಿತು, ತುಕ್ಕು ಉದುರಿತು.
ಹೆಬ್ಬೆರಳಿನಂಥದೊಂದು ಕೈಗೆ ಬಂತು,
ಬಾಲದಲ್ಲಿ ನಾಲ್ಕು ತಂತಿ, ತಲೆಗೆ ತೂತುತೂತಿನ ಟೋಪಿ,
ಟೋಪಿಯೊಳಗೆ ಜಿರ್ಕೋನಿಯದ ಪಿಂಗಾಣಿ,
ಒಳಗೂ ಹೊರಗೂ ಪ್ಲಾಟಿನಮ್ಮಿನ ತೆಳು ಲೇಪ.

"ಹೊರಮೈಗೆ ಎಂಜಿನ್ನು ಉಸಿರು ಬಿಡುತ್ತದೆ.
ಒಳಗೆ ಒಂದು ಗುಟುಕು ಬೀದಿಯ ಗಾಳಿ.
ಎರಡನ್ನೂ ತೂಗಿ ನೋಡುವುದೇ ಇದರ ಬಾಳು.
ಹೊಗೆಯಲ್ಲಿ ಆಮ್ಲಜನಕ ಉಳಿದೇ ಇಲ್ಲವೋ,
ಒಳಗಿನದು ಪಿಂಗಾಣಿಯನ್ನೇ ಹಾಯ್ದು ಹೊರಡುತ್ತದೆ,
ಆ ನುಗ್ಗಾಟವೇ ಕರೆಂಟು, ಮುಕ್ಕಾಲು ವೋಲ್ಟಿಗೂ ಮೇಲೆ.
ಪೆಟ್ರೋಲು ಅತಿಯಾಯಿತು ಎನ್ನುವ ಕೂಗು ಅದು.
ಉಳಿದಿದೆಯೋ, ವೋಲ್ಟಿನ ಹತ್ತರಲ್ಲೊಂದು, ಬರೀ ಪಿಸುಮಾತು:
ಗಾಳಿ ಜಾಸ್ತಿ, ಗಾಳಿ ಜಾಸ್ತಿ."

ಆದರೆ ತಣ್ಣಗಿದ್ದಾಗ ಈ ಪಿಂಗಾಣಿ ಶುದ್ಧ ಮೂಗ.
ಮುನ್ನೂರು ಡಿಗ್ರಿ ಮುಟ್ಟದೆ ಬಾಯಿ ಬಿಡದು.
ಎಂಜಿನ್ನಿನ ಹೊಗೆಯೇ ಕಾಯಿಸಲಿ ಎಂದು ಕೂತರೆ
ಈ ಚಳಿಯಲ್ಲಿ ಸಂತೆಯಿಂದ ರೈಲು ನಿಲ್ದಾಣದ ತನಕ
ಸವಾರಿಯೇ ಮುಗಿದಿರುತ್ತದೆ.
ಅದಕ್ಕೇ ಹೊಟ್ಟೆಯೊಳಗೊಂದು ಹೀಟರು, ಕಡ್ಡಿಯಷ್ಟು ದಪ್ಪ.
ಕೀಲಿ ತಿರುವಿದ ಅರ್ಧ ನಿಮಿಷಕ್ಕೆ
ಮಾತು ಬರಿಸುತ್ತದೆ.

ಮೀಟರಿನ ಎರಡು ಮೊನೆ ಎರಡು ಬಿಳಿ ತಂತಿಗೆ ಮುಟ್ಟಿಸಿದಳು.
ಆರೇಳು ಓಮ್ ತೋರಬೇಕಿತ್ತು. ಏನೂ ಇಲ್ಲ.
"ಒಲೆ ಸತ್ತಿದೆ. ದಿನಾ ಬೆಳಿಗ್ಗೆ ನಿನ್ನ ಕಂಪ್ಯೂಟರು
ಕಣ್ಣು ಕಟ್ಟಿಕೊಂಡು ಅಂದಾಜಿನಲ್ಲೇ ಬಡಿಸಿದೆ,
ಹಸಿದಿದ್ದಾನೋ ಏನೋ ಎಂದು ಒಂದು ಸೌಟು ಜಾಸ್ತಿ."
ಬಂಕಿನ ಚೀಟಿಗಳು ಜೇಬಿನಲ್ಲಿ ಸರಕ್ಕೆಂದವು.

ಹೊಸದನ್ನು ತಿರುಪಿದಳು. ಗಾಡಿ ಚಾಲೂ.
ಮುಳ್ಳು ಅಲುಗಲಿಲ್ಲ. ನಾನು ಇಪ್ಪತ್ತೆಂಟರ ತನಕ ಎಣಿಸಿದೆ.
ಆಮೇಲೆ ನಿದ್ದೆ ತಿಳಿದವನ ಹುಬ್ಬಿನ ಹಾಗೆ
ಏರಿತು. ಇಳಿಯಿತು. ಏರಿತು.

"ಒಂದು ಕಡೆ ನಿಲ್ಲೋದೇ ಇಲ್ಲವಲ್ಲ?"
"ನಿಂತರೆ ಕೆಟ್ಟಿತೆಂದೇ ಲೆಕ್ಕ.
ಒಂದು ಪಾಲು ಪೆಟ್ರೋಲಿಗೆ ಹದಿನಾಲ್ಕೂಮುಕ್ಕಾಲು ಪಾಲು ಗಾಳಿ,
ತೂಕದಲ್ಲಿ. ಅದು ಹದ.
ಹದದ ಮೇಲೆ ಕುರ್ಚಿ ಹಾಕಿ ಕೂರಲಾಗದು, ಲುವ್ಸಾನ್,
ಅತ್ತ ಒಂದಿಷ್ಟು ತಪ್ಪಿ, ಇತ್ತ ಒಂದಿಷ್ಟು ತಪ್ಪಿ
ದಾಟುತ್ತಲೇ ಇರಬೇಕು."

ಒಳಗಿನ ಆ ಒಂದು ಗುಟುಕು ಗಾಳಿ
ಎಲ್ಲಿಂದ ತರುತ್ತದೆ, ಎಂದು ಕೇಳಿದೆ.
"ತಂತಿಗಳ ಸಂದಿಯಿಂದ ಎಳೆದುಕೊಳ್ಳುತ್ತದೆ. ಇಲ್ಲಿಂದಲೇ."
ಇಬ್ಬರೂ ಬಾಗಿಲಿನಾಚೆ ನೋಡಿದೆವು.
ಗುಡ್ಡದ ಮೇಲಿನ ಗೇರ್‌ಗಳ ಚಿಮಣಿಗಳು ಕಪ್ಪಗೆ ಕಕ್ಕುತ್ತಿದ್ದವು,
ಶಾಲೆಯ ಹುಡುಗಿಯೊಬ್ಬಳು ಕೈಗವಸಿನಲ್ಲಿ ಮೂಗು ಒತ್ತಿಕೊಂಡು ಹೋದಳು.
ಇದನ್ನೇ ಒಳಗಿಟ್ಟುಕೊಂಡು
ನನ್ನ ಕಾರಿನ ಹೊಗೆಗೆ ಅದು ಅಂಕ ಹಾಕುತ್ತದೆ.

"ಮಸಿ ಅದಕ್ಕೆ ಕಾಣದು," ಅಂದಳು ದೋಲ್ಗೋರ್,
"ಆಮ್ಲಜನಕದ ಲೆಕ್ಕ ಒಂದೇ ಗೊತ್ತು."
ಸತ್ತದ್ದನ್ನು ಡಬ್ಬಕ್ಕೆಸೆದಳು, ಅಂಥವೇ ಮೂವತ್ತರ ಮೇಲೆ ಅದು ಟಣ್ಣೆಂದಿತು,
ಮಾಸ್ಕು ಮೂಗಿಗೇರಿಸಿ
ಪಕ್ಕದ ಕಾರಿನಡಿ ಜಾರಿದಳು.