ಅಂಗಮಾರಿ

ಬಾಡಿಗೆ ಪುಸ್ತಕದಲ್ಲಿ ಅವರ ಹೆಸರಿಗೊಂದು ಪುಟ.
ಹದಿನೈದಿಂಚಿನ ಡಬ್ಬ ಎರಡು, ಆಂಪ್ಲಿಫೈಯರ್ ಒಂದು, ಮೈಕು ಮೂರು.
ಶುರು: ಎರಡು ಸಾವಿರದ ನಾಲ್ಕು, ಆಲೂಗಡ್ಡೆ ಸೀಸನ್ನು.
ಬಾಕಿ: ಇನ್ನೂ ಇದೆ. ನಾನು ಕೇಳಿಲ್ಲ.

ತಣ್ಣೀರುಹಳ್ಳದಲ್ಲಿ, ಟೈರ್ ರಿಟ್ರೆಡಿಂಗ್ ಅಂಗಡಿಯ ಬೆನ್ನಿಗೆ
ಗೋಡೆ ತುಂಬ ಮೊಟ್ಟೆ ಟ್ರೇ ಹೊಡೆದ ಕೋಣೆ.
ಸುಟ್ಟ ರಬ್ಬರಿನ ನಾತಕ್ಕೆ ಸೊಳ್ಳೆಯೂ ಬರುತ್ತಿರಲಿಲ್ಲ.
ಅತಾವುಲ್ಲಾ ಹಗಲು ಟೈರು ಬೇಯಿಸಿ ರಾತ್ರಿ ಡ್ರಮ್ಮಿಗೆ ಕೂರುವನು,
ಅಜ್ಜಿಯ ಹೊಲಿಗೆ ಮಿಷನ್ನಿನ ಪೆಡಲು ಕಿತ್ತು ತಂದು
ಎಡಗಾಲಿಗೂ ಕೆಲಸ ಕೊಟ್ಟಿದ್ದ.
ಎರಡೂ ಕಾಲು ಓಡಿದರೆ
ಜಲ್ಲಿ ಲಾರಿಯ ಹಿಂಬಾಗಿಲು ಬಿಚ್ಚಿದ ಹಾಗೆ.

ಡೆನ್ಜಿಲ್ ಗಿಟಾರಿನ ತಂತಿ ಸಡಿಲಿಸುತ್ತಾ ಸಡಿಲಿಸುತ್ತಾ
ಸ್ವರವನ್ನು ನೆಲಕ್ಕೆ ತಾಗಿಸುತ್ತಿದ್ದ.
ಅದರಿಂದ ಕೆಳಗೆ ಕಿವಿಗೆ ಕೇಳುವುದಿಲ್ಲ,
ಹಲ್ಲಿಗೆ ಕೇಳುತ್ತದೆ.

ರಂಗಧಾಮ ಮಂಡಿಯಲ್ಲಿ ಹರಾಜು ಕೂಗುವವನು.
ಬೆಳಿಗ್ಗೆ ಮೂಟೆಯ ಮೇಲೆ ನಿಂತು
ಆರುನೂರಾ ಹತ್ತು, ಇಪ್ಪತ್ತು, ಇಪ್ಪತ್ತೈದು, ಒಂದು ಸಲ, ಎರಡು ಸಲ
ಅನ್ನುವ ಅದೇ ಗಂಟಲನ್ನು
ರಾತ್ರಿ ತಲೆಕೆಳಗು ಮಾಡಿ ಸುರಿಯುವನು.
ಒಂದು ಪದ ತಿಳಿಯುತ್ತಿರಲಿಲ್ಲ.
ಆದರೆ ಬರೆದದ್ದು ಅಚ್ಚ ಕನ್ನಡ, ನಾನೇ ಓದಿದ್ದೇನೆ:
ಎಲೆ ಕಪ್ಪಾಗುವುದು, ಗೆಡ್ಡೆ ಮಣ್ಣೊಳಗೇ ನೀರಾಗುವುದು,
ಮೂರನೇ ದಿನಕ್ಕೆ ಇಡೀ ಹೊಲ ನಾರುವುದು.
ಆ ರೋಗದ ಹೆಸರನ್ನೇ ತಮಗೆ ಇಟ್ಟುಕೊಂಡರು.
'ಹೊರಗಿನ ಸೈತಾನ ಯಾಕಣ್ಣ' ಅಂದ, 'ನಮ್ಮ ಜಿಲ್ಲೇದೇ ಇದೆಯಲ್ಲ.'

ಹನ್ನೊಂದು ವರ್ಷಕ್ಕೆ ಏಳು ಪ್ರದರ್ಶನ.
ಒಂದು, ಸಾಲಗಾಮೆ ರಸ್ತೆಯ ಮದುವೆ ಮಂಟಪದಲ್ಲಿ;
ಆರ್ಕೆಸ್ಟ್ರಾ ಅಂದುಕೊಂಡು ಕರೆದಿದ್ದರು.
ನಾಲ್ಕನೇ ನಿಮಿಷಕ್ಕೆ ಅಡುಗೆಯವನು ಸೌಟು ಹಿಡಿದು ಓಡಿಬಂದ,
'ಯಾರಿಗೆ ಏನಾಯ್ತು?'
ಹುಡುಗಿಯ ತಮ್ಮ, ಹನ್ನೆರಡರ ಪೋರ,
ಅವನೊಬ್ಬ ಸ್ಪೀಕರಿಗೆ ಎದೆ ಕೊಟ್ಟು ಅಲ್ಲಾಡದೆ ನಿಂತಿದ್ದ.
ಪ್ಲಗ್ಗು ಕಿತ್ತವನು ನಾನೇ. ಅದನ್ನೂ ಹೇಳಬೇಕು.

ಐವತ್ತು ಕ್ಯಾಸೆಟ್ಟು ಮಾಡಿ ಅಂಚೆಗೆ ಹಾಕಿದರು.
ಪೆರು ದೇಶದಿಂದ ಒಂದು ಕಾಗದ ಬಂತು, ಹೆಸರಿನ ಅರ್ಥ ಕೇಳಿ.
ರಂಗಧಾಮ ಇಂಗ್ಲಿಷಿನಲ್ಲಿ ಬರೆಯಲು ಹೋಗಿ, ಹರಿದು, ಮತ್ತೆ ಹರಿದು,
ಕೊನೆಗೆ ಒಂದು ಆಲೂಗಡ್ಡೆ ಎಲೆ ಬಿಡಿಸಿ
ಅದರ ಮೇಲೆ ಬಾಲ್‌ಪೆನ್ನಿನಿಂದ ಕಪ್ಪು ಕುಟ್ಟಿ ಕಳಿಸಿದ.
ಎರಡು ತಿಂಗಳಿಗೆ ಉತ್ತರ.
ಅದೇ ಎಲೆ, ಅವನ ಕೈಯಲ್ಲಿ. ಕೆಳಗೆ ಬೇರು. ಬೇರಿನಲ್ಲಿ ಗೆಡ್ಡೆ, ಅರ್ಧ ಕಪ್ಪು.
ಒಂದಕ್ಷರವಿಲ್ಲ.
ಅತಾವುಲ್ಲಾ ಅದನ್ನು ಮೊಟ್ಟೆ ಟ್ರೇಗೆ ಮೊಳೆ ಹೊಡೆದ.
ಅವತ್ತು ರಾತ್ರಿ ಅವರು ನುಡಿಸಿದ್ದು
ಯಾವುದರಲ್ಲೂ ಅಚ್ಚಾಗಿಲ್ಲ.

ಆಮೇಲೆ ಗಂಟಲಲ್ಲಿ ಗಂಟು.
ಎರಡು ಕೂಗಿನಲ್ಲಿ ಒಂದು ಉಳಿಸಿಕೋ ಅಂದರಂತೆ ಡಾಕ್ಟರು.
ಮಂಡಿಯದನ್ನು ಉಳಿಸಿಕೊಂಡ; ತಪ್ಪು ಅನ್ನಲಾರೆ.
ಡೆನ್ಜಿಲ್ ಈಗ ಚರ್ಚಿನಲ್ಲಿ ಕೀಬೋರ್ಡು,
ಎಡಗೈ ಮಾತ್ರ ಬೇಕಾದ್ದಕ್ಕಿಂತ ಜಾಸ್ತಿ ಒತ್ತುತ್ತಾನೆ.

ಆ ಎರಡು ಡಬ್ಬದಲ್ಲಿ ಒಂದರ ಕಾಗದ ಹರಿದಿದೆ.
ನಾಮಕರಣಕ್ಕೆ ಇಟ್ಟರೂ, ನಿವೃತ್ತಿ ಸಮಾರಂಭಕ್ಕೆ ಇಟ್ಟರೂ
ಮಾತಿನ ತಳದಲ್ಲಿ ಸಣ್ಣಗೆ ಗುರ್ ಅನ್ನುತ್ತದೆ.
'ಏನ್ರೀ ಇದು, ಬದಲಾಯಿಸಬಾರದಾ?'
ನಾಳೆ ಸ್ವಾಮಿ, ಅನ್ನುತ್ತೇನೆ.
ಒಂಬತ್ತು ವರ್ಷದಿಂದ, ನಾಳೆ.