ಚುಕ್ಕಿಗೆರೆಯ ಗುಂಟ

ಮ್ಯಾಂಗನೀಸು ತುಂಬಲು ಬೈತಖೋಲಕ್ಕೆ ಬಂದ ಹಡಗಿನ ಅಡಿಗೆಯವ
ಹನ್ನೊಂದು ಗಡ್ಡ, ಎರಡು ತಲೆಯ ಬಾಕಿಗೆ
ಕಾಸಿನ ಬದಲು ಒಂದು ಕಟ್ಟು ಮ್ಯಾಗಝೀನು ಇಟ್ಟು ಹೋದ.
ಎಲ್ಲ ಅಮೆರಿಕದವು. ಎಲ್ಲ ಅವನ ಅಜ್ಜನ ಕಾಲದವು.

ಶಾಬು ಭಂಡಾರಿ ಬೈಯಲಿಲ್ಲ.
ಕೋಡಿಬಾಗ ರಸ್ತೆಯ ಅವನ ಅಂಗಡಿಯಲ್ಲಿ ಅಲ್ಲಿಯ ತನಕ
ಕಾಯುವವರಿಗೆ ಇದ್ದದ್ದು ಒಂದು ಬೆಂಚು, ಒಂದು ಪಂಚಾಂಗ,
ಕನ್ನಡಿಯೊಳಗೆ ಉಲ್ಟಾ ಓಡುವ ಗಡಿಯಾರ.

ಓದಿ ಹೇಳುವವರು ಇನಾಸ ಬಾಬ್. ಕಸ್ಟಮ್ಸಿನಲ್ಲಿ ಮೂವತ್ತು ವರ್ಷ
ಪೆಟ್ಟಿಗೆಗಳ ಮೇಲಿನ ಇಂಗ್ಲಿಷು ಓದಿ ರಿಟಾಯರಾದವರು.
ಕನ್ನಡಕ ಹಣೆಗೇರಿಸಿಕೊಂಡೇ ಓದುತ್ತಿದ್ದರು;
ಅನುಮಾನ ಆಗಲೇ ಬರಬೇಕಿತ್ತು ನಮಗೆ.

"ಓಹಾಯೋದಲ್ಲಿ ಒಬ್ಬ ಜಾನ್" ಅಂತ ಶುರು.
ಜಾನ್ ಹೆಂಡತಿಗೆ ಹೇಳದೆ ದೋಣಿ ಮಾರಿ ಕುಡಿದು,
ದಿನಾ ನಸುಕಿಗೆ ಬಲೆ ಹೊತ್ತು ಹೊರಟು,
ಸಂಜೆ ಪೇಟೆಯ ಮೀನು ಕೊಂಡು ಮನೆಗೆ ಬರುತ್ತಿದ್ದನಂತೆ.
ನಾಲ್ಕನೆಯ ದಿನ ಅವಳು ಕೇಳಿದಳು:
"ನಿನ್ನ ಸಮುದ್ರದಲ್ಲಿ ಈಗ ಬಂಗಡೆಗೆ
ಕತ್ತರಿಸಿ ಉಪ್ಪು ಹಚ್ಚಿಯೇ ಈಜಲು ಬಿಡುತ್ತಾರಾ?"

ಗಡ್ಡಕ್ಕೆ ನೊರೆ ಹಚ್ಚಿಕೊಂಡವರು ನಕ್ಕು ನೊರೆ ನುಂಗಿದರು.
ಓಹಾಯೋದಲ್ಲಿ ಬಂಗಡೆ ಎಲ್ಲಿಂದ ಅಂತ ಯಾರೂ ಕೇಳಲಿಲ್ಲ.
ಮೂಲೆಯಲ್ಲಿದ್ದ ಖೇಮು ಹರಿಕಂತ್ರ ಮಾತ್ರ
ನಗದೆ, ಸರದಿ ಬಿಟ್ಟು, ಎದ್ದು ಹೋದ.

ಜಾಹೀರಾತುಗಳಿಗೆ ಇನಾಸ ಬಾಬ್ ಬೇಕಿರಲಿಲ್ಲ.
ಎಡಗಡೆ ಒಬ್ಬ ಒಣ ನೊಗ್ಲಿ ಮೀನು,
ಬಲಗಡೆ ಅವನೇ, ತೋಳೆಂದರೆ ಹಲಸಿನಕಾಯಿ.
ಸೊಂಟಕ್ಕೆ ಕಟ್ಟಿದರೆ ಕರೆಂಟು ಹೊಡೆದು ನಿಶ್ಶಕ್ತಿ ಓಡಿಸುವ ಬೆಲ್ಟು
(ನಮ್ಮ ಕೇರಿಗೆ ಕಂಬ ಬಂದಿತ್ತು, ಕರೆಂಟು ಬಂದಿರಲಿಲ್ಲ).
ಮತ್ತೆ, ಒಬ್ಬ ಬೋಳ; ಪಕ್ಕದಲ್ಲಿ ಅವನೇ, ತಲೆಯ ಮೇಲೆ ಕಾಡು;
ನಡುವೆ ಒಂದು ಸೀಸೆ.

ಶಾಬುವಿನ ತಲೆ, ಹೇಳಬಾರದು, ಬೂದುಗುಂಬಳ.
ಹತ್ತು ಕೇರಿಯ ಕೂದಲು ಗುಡಿಸುವವನಿಗೆ ತನ್ನದೆಂಬ ಒಂದೆಳೆ ಇಲ್ಲ.
ಪುಟದ ಕೆಳಗೆ ಚುಕ್ಕಿಗೆರೆ, ಗೆರೆಯ ಮೇಲೆ
ಬಾಯಿ ತೆರೆದ ಪುಟ್ಟ ಕತ್ತರಿಯ ಚಿತ್ರ.
"ನೋಡು," ಅಂದ ನನಗೆ, "ಇದು ಯಾರ ಕೆಲಸ ಅಂತ
ಅವರಿಗೂ ಗೊತ್ತುಂಟು."
ಒಳಪೆಟ್ಟಿಗೆಯ ಕತ್ತರಿ ತೆಗೆದು, ಮದುಮಗನ ಮೀಸೆಗೆ ಕೂತ ಹಾಗೆ,
ಒಂದು ಚುಕ್ಕಿಯೂ ಕೆಡದಂತೆ ಕತ್ತರಿಸಿದ.
ವಿಳಾಸ ಬರೆದದ್ದು ನಾನು, ಏಳನೇ ಇಯತ್ತೆಯ ಗುಂಡಕ್ಷರದಲ್ಲಿ.
ಹತ್ತು ಸೆಂಟಿಗೆ ಬದಲಾಗಿ ಒಂದು ಬೆಳ್ಳಿ ಪಾವಲಿ, ಅಂಟು ಹಚ್ಚಿ.

ಹನ್ನೊಂದು ತಿಂಗಳು.
ಆಮೇಲೆ ಟಪಾಲು ಹಮ್ಮಣ್ಣ ತಂದದ್ದು ಅದೇ ಲಕೋಟೆ,
ಮೈತುಂಬ ಠಸ್ಸೆ, ನೇರಳೆ, ಕೆಂಪು,
ಬಂದ ದಾರಿಗೆ ಬೆರಳು ತೋರಿಸುವ ಒಂದು ಕೈ.
ಆ ಕಂಪನಿ ಇಲ್ಲವಂತೆ. ಆ ಬೀದಿಯೂ ಇಲ್ಲವಂತೆ.
ಪಾವಲಿ ಒಳಗೇ ಇತ್ತು. "ಪ್ರಾಮಾಣಿಕರು," ಅಂದ ಶಾಬು.
ಫ್ರೇಮು ಹಾಕಿಸಿ ಕನ್ನಡಿಯ ಮೇಲೆ ತೂಗಿದ.
ಹೊಸ ಗಿರಾಕಿಯ ಗದ್ದ ಎತ್ತಿ ಹಿಡಿದು ತೋರಿಸುತ್ತಿದ್ದ:
"ಅದು, ಅಮೆರಿಕಕ್ಕೆ ಹೋಗಿ ಬಂದದ್ದು."

ಇನಾಸ ಬಾಬ್ ತೀರಿಕೊಂಡ ವರ್ಷ ನಾನು ಕಾಲೇಜು.
ಇಂಗ್ಲಿಷು ಬರುತ್ತದೆಂಬ ಸೊಕ್ಕಿನಲ್ಲಿ ನಗೆಪುಟ ತೆಗೆದೆ.
ಒಬ್ಬ ಪಾದ್ರಿ, ಒಂದು ಹೇಸರಗತ್ತೆ, ಯಾರದೋ ಅತ್ತೆಯ ಟೊಪ್ಪಿಗೆ.
ನಗು ಬರಲಿಲ್ಲ.
ಪುಟ ಪುಟ ಹುಡುಕಿದೆ; ಜಾನ್ ಇಲ್ಲ, ದೋಣಿ ಇಲ್ಲ,
ಓಹಾಯೋ ಸಿಕ್ಕಿದ್ದು ಒಂದೇ ಕಡೆ,
ಅದೂ ಕಬ್ಬಿಣದ ಒಲೆಯ ಜಾಹೀರಾತಿನಲ್ಲಿ.

ಶಾಬುವಿಗೆ ಹೇಳಿದೆ.
ಅವನು ನನ್ನ ಕಿವಿ ಮಡಚಿ, ಹಿಂದಿನ ಕೂದಲು ತೀಡುತ್ತ,
"ಗೊತ್ತಿತ್ತು," ಅಂದ.
"ಲಕೋಟೆ ವಾಪಸು ಬಂದ ವಾರ ಅವರು ಓದಿದ್ದು ನೆನಪಿಲ್ವಾ?
ಚಿಕಾಗೋದಲ್ಲಿ ಒಬ್ಬ ಬೋಳು ಭಂಡಾರಿ,
ತಲೆಗೆ ಎಣ್ಣೆ ಬೇಕೆಂದು ಕಾರವಾರಕ್ಕೆ ಕಾಗದ ಬರೆದನಂತೆ.
ಎಲ್ಲರಿಗಿಂತ ಜೋರು ನಕ್ಕವ ನಾನು.
ಅಲುಗಾಡಬೇಡ."